ಡಾರಥಿ ಆಂಟಿಯ ಇಂಗ್ಲಿಷು, ನನ್ನ ಮನೆಯ ಚಿಲಕ

ಆ ದಿನ ಬೆಳಿಗ್ಗೆಯೂ ಎದ್ದವಳೇ ಮೊದಲು ಬಚ್ಚಲುಮನೆಯ ಬಾಗಿಲ ಹಿಂದೆ ನೋಡಿದೆ. ಆಮೇಲೆ ಮಂಚದ ಕೆಳಗೆ, ಆಮೇಲೆ ಅಡುಗೆಮನೆಯ ಕಿಟಕಿ. ಯಾರೂ ಇಲ್ಲವೆಂದು ಖಾತ್ರಿಯಾದ ಮೇಲೆ ಸ್ಟೋವ್ ಹಚ್ಚಿ ಚಹಾಕ್ಕೆ ನೀರಿಟ್ಟೆ. ಮದುವೆಯಾಗಿ ಕೆಜಿಎಫ್‌ಗೆ ಬಂದು ಇನ್ನೂ ವರ್ಷ ತುಂಬಿರಲಿಲ್ಲ. ನನ್ನ ಬೆಳಗು ಹೀಗಾಗಿಬಿಟ್ಟಿತ್ತು.

ಗಣಿಯ ಸೈರನ್ ಕೂಗುವುದರೊಳಗೆ ನನ್ನ ಯಜಮಾನರ ಊಟದ ಡಬ್ಬಿ ತಯಾರಿರಬೇಕು. ಇವರು ಗಣಿಯೊಳಗೆ ಅಳತೆ ಮಾಡುವ ಸರ್ವೆ ಕೆಲಸದವರು. ನಮ್ಮ ಧಾರವಾಡದಲ್ಲಿ ಗಂಡಸರು ಕೆಲಸಕ್ಕೆ ಹೋಗುವುದೆಂದರೆ ಸೈಕಲ್ ಏರಿ ಓಣಿಯ ತಿರುವಿನಲ್ಲಿ ಮರೆಯಾಗುವುದು. ಇಲ್ಲಿ ನನ್ನ ಗಂಡ ಕಬ್ಬಿಣದ ಪಂಜರದಲ್ಲಿ ನಿಂತು, ನಾನು ಅಡುಗೆ ಮಾಡುವ ನೆಲದ ಕೆಳಕ್ಕೇ ಇಳಿದುಹೋಗುತ್ತಿದ್ದರು.

ಡಬ್ಬಿ ಕೈಗೆ ಕೊಡುತ್ತ ಹೇಳಿಯೇಬಿಟ್ಟೆ. "ನಾ ಊರಿಗೆ ಹೋಗ್ತೇನ್ರಿ. ಟ್ರಂಕು ತುಂಬೇನಿ."

"ಯಾಕ, ಏನಾತು?"

"ಇಲ್ಲೆ ನನಗ ಜೀವದ ಹೆದರಿಕಿ ಅದ."

"ಯಾರ ಹೆದರಿಕಿ?"

"ಸಸ್ಪೆಕ್ಟಂದು."

ಇವರಿಗೆ ನಗು ತಡೆಯಲಾಗಲಿಲ್ಲ. "ಮೊದಲ ಅವನ ಹೆಸರರೆ ತಿಳಕೋ. ಸಂಜೀಕ ಮಾತಾಡೋಣ," ಎಂದು ಬೂಟು ಕಟ್ಟಿಕೊಂಡು ಹೋದರು. ನಾನು ಮೇಲಿನ ಚಿಲಕ, ಕೆಳಗಿನ ಚಿಲಕ ಎರಡೂ ಹಾಕಿದೆ.

ಈ ಸಸ್ಪೆಕ್ಟ್ ಯಾರೆಂದು ಬಿಡಿಸಿ ಹೇಳಬೇಕು. ನಾನು ಕಾನ್ವೆಂಟಿನಲ್ಲಿ ಓದಿದವಳೇನೋ ಹೌದು. ಆದರೆ ಸಿಸ್ಟರ್‌ಗಳು ನಮಗೆ ಕಲಿಸಿದ್ದು ಪ್ರಾರ್ಥನೆಯ ಇಂಗ್ಲಿಷು, ಕಸೂತಿಯ ಇಂಗ್ಲಿಷು. ಸಾರಿ, ಪ್ಲೀಸ್, ಥ್ಯಾಂಕ್ಯೂ, ಇಷ್ಟರಲ್ಲೇ ಒಂದು ದಿನ ದೂಡಬಹುದಿತ್ತು. ಇಲ್ಲಿ ನಮ್ಮ ಸಾಲುಮನೆಗಳಲ್ಲಿ ನಲ್ಲಿಯ ಹತ್ತಿರ ತಮಿಳು, ಅಂಗಡಿಯಲ್ಲಿ ತೆಲುಗು. ಬೇತಮಂಗಲದ ಕೆರೆಯ ನೀರು ನಲ್ಲಿಗೆ ಬಂದಾಗ ಕೊಡಗಳ ಜಗಳದಲ್ಲಿ ಅವೆರಡರ ಜೊತೆ ಇಲ್ಲಿಯ ಕನ್ನಡವೂ. ನನ್ನ "ಹೌದ್ರಿ, ಬರ್ರಿ" ಕೇಳಿ ಹೆಂಗಸರು ಸೆರಗು ಬಾಯಿಗಿಟ್ಟು ನಗುತ್ತಿದ್ದರು. ಮಾತಾಡಲು ಬಿಡುವಿದ್ದವರು ಪಕ್ಕದ ಮನೆಯ ಡಾರಥಿ ಆಂಟಿ ಒಬ್ಬರೇ. ಗಣಿಯಲ್ಲಿ ಫೋರ್‌ಮನ್ ಆಗಿದ್ದವರ ವಿಧವೆ, ಆಂಗ್ಲೋ ಇಂಡಿಯನ್. "ಅವರ ಕೂಡ ಮಾತಾಡು, ಇಂಗ್ಲಿಷ್ ಬರ್ತದ, ನರ್ಸರಿ ಸಾಲಿಯೊಳಗ ಕೆಲಸ ಸಿಗ್ತದ," ಎಂದು ಇವರೇ ಕಳಿಸಿದ್ದು.

ಆಂಟಿಯ ಬಳಿ ಪರದೇಶದ ಪತ್ತೇದಾರಿ ಪತ್ರಿಕೆಗಳ ಅಟ್ಟಿ ಇತ್ತು. ಒಬ್ಬರಾದ ಮೇಲೆ ಒಬ್ಬರನ್ನು ಕೊಲ್ಲುತ್ತ ಹೋಗುವವನಿಗೆ ಈಗ ಸೀರಿಯಲ್ ಕಿಲ್ಲರ್ ಅನ್ನುತ್ತಾರೆ. ಆಂಟಿ ಆಗ ಮೇನಿಯಾಕ್ ಅನ್ನುತ್ತಿದ್ದರು. ಚಹಾದ ಜೊತೆ ದಿನಕ್ಕೊಂದು ಪದ. ಸಸ್ಪೆಕ್ಟ್ ಅಂದರೆ ಅನುಮಾನದ ಮನುಷ್ಯ. ಮೋಟಿವ್ ಅಂದರೆ ಕೊಲ್ಲಲು ಅವನಿಗಿರುವ ಕಾರಣ. ಆಲಿಬೈ ಅಂದರೆ ಆ ಹೊತ್ತಿಗೆ ನಾನು ಬೇರೆಲ್ಲೋ ಇದ್ದೆ ಎಂಬ ಸಾಕ್ಷಿ. ಪದ ನೆನಪಿನಲ್ಲಿ ಉಳಿಯಲೆಂದು ಉದಾಹರಣೆಗಳನ್ನು ಆಂಟಿ ಹತ್ತಿರದಿಂದಲೇ ಕೊಡುತ್ತಿದ್ದರು. ಬಂಗಾರಪೇಟೆಯಲ್ಲಿ ರೈಲುಹಳಿಯ ಪಕ್ಕದ ಮನೆಗಳಲ್ಲಿ ಒಂಟಿ ಹೆಂಗಸರು ಸಾಯುತ್ತಿದ್ದಾರಂತೆ. ಎಲ್ಲ ಒಬ್ಬನದೇ ಕೆಲಸವಂತೆ. ಗಂಡಸರು ಗಣಿಗಿಳಿಯುವ ಸೈರನ್ ಅವನಿಗೆ ಬಾಯಿಪಾಠವಂತೆ. ಹೆಂಗಸಿನ ದನಿ ತೆಗೆದು ಹಾಲು, ಸೊಪ್ಪು ಅಂತ ಕರೆದು ಬಾಗಿಲು ತೆಗೆಸುತ್ತಾನಂತೆ.

"ಪೇಪರಿನಲ್ಲಿ ಬಂದೇ ಇಲ್ಲವಲ್ಲ ಆಂಟಿ?" ಅಂದಿದ್ದೆ.

"ಅದೇ ಪ್ರೂಫ್, ಚೈಲ್ಡ್. ದೊಡ್ಡೋರು ಯಾರೋ ಮುಚ್ಚಾಕ್ತಾರೆ. ದಟ್ ಈಸ್ ಕವರ್‌ಅಪ್."

ಅವತ್ತಿನ ಪದ ಕವರ್‌ಅಪ್. ನಾನು ಅದನ್ನು ಹೇಳಿಕೊಳ್ಳುತ್ತ ಮನೆಗೆ ಬಂದು ಎರಡನೆಯ ಚಿಲಕ ಹಾಕಿಸಿದೆ.

ನಮ್ಮ ಧಾರವಾಡದ ಮನೆಯ ತಲೆಬಾಗಿಲು ದಿನವಿಡೀ ತೆರೆದೇ ಇರುತ್ತಿತ್ತು. ಬಂದವರು ಕಟ್ಟೆಯ ಮೇಲೆ ಚಪ್ಪಲಿ ಬಿಟ್ಟು "ಅಕ್ಕಾರ" ಎಂದು ಕೂಗುತ್ತ ಸೀದಾ ಅಡುಗೆಮನೆಗೆ ಬರುವರು. ಇಲ್ಲಿ ನಾನು ಹಗಲಿನಲ್ಲೇ ದೀಪ ಹಾಕಿಕೊಂಡು ಕೂರುತ್ತಿದ್ದೆ.

ಆ ಬೆಳಿಗ್ಗೆ ಇವರು ಹೋದ ಮೇಲೆ ಅಕ್ಕಿ ಆರಿಸುತ್ತಿದ್ದೆ. ಗೋಡೆಯ ಹಲಗೆಯ ಮೇಲಿನ ಸ್ಟೀಲ್ ಲೋಟಗಳು ಒಂದಕ್ಕೊಂದು ತಾಗಿ ಸದ್ದಾದವು. ಮರುಗಳಿಗೆ ಬಾಗಿಲು ದಡದಡನೆ ಅದುರಿತು. ಹೊರಗಿನಿಂದ ಯಾರೋ ಹೆಗಲು ಕೊಟ್ಟು ನೂಕಿದ ಹಾಗೆ. ಬಂದ ಅಂದುಕೊಂಡೆ. ತುಂಬಿಟ್ಟ ಟ್ರಂಕನ್ನು ಎಳೆದು ಬಾಗಿಲಿಗೆ ಒತ್ತಿ, ಅದರ ಮೇಲೇ ಕುಳಿತೆ. ಸ್ವಲ್ಪ ಹೊತ್ತಿಗೆ ನಿಜವಾಗಿಯೇ ಯಾರೋ ಬಡಿಯತೊಡಗಿದರು.

"ಅಮ್ಮಯ್ಯ, ಬಾಗ್ಲು ತಗೀಯಮ್ಮ. ನಾನು, ಆಲಿನ ಮುನಿಯಮ್ಮ."

ಕ್ಯಾಸಂಬಳ್ಳಿಯಿಂದ ಹಾಲು ತರುವ ಮುನಿಯಮ್ಮ. ಅವಳದೇ ದನಿ. ಆದರೆ ಹಾಲು ಎಂದು ಹೆಂಗಸಿನ ದನಿಯಲ್ಲಿ ತಾನೇ ಅವನು ಕರೆಯುವುದು? ಟ್ರಂಕಿನ ಮೇಲೆ ಇನ್ನೂ ಭಾರ ಬಿಟ್ಟು ಕುಳಿತೆ.

"ಒಳಗೆ ಕುಂತವ್ಳೆ, ಬಾಯಿ ಬಿಡಾಕಿಲ್ಲ. ನೆನ್ನೆ ಆಲಿಗೆ ನೀರಾಕಿದೀಯ ಅಂತ ಬಯ್ದೆಯಲ್ಲಮ್ಮ, ಆ ಮುನಿಯಮ್ಮನೇ ಕಣಮ್ಮ. ಅವ್ದು, ಆಕಿದ್ದೆ. ಈಗ ತಗೀ."

ಆ ಮಾತು ಬೇರೆ ಯಾರಿಗೂ ಗೊತ್ತಿರಲು ಸಾಧ್ಯವಿರಲಿಲ್ಲ. ಟ್ರಂಕು ಸರಿಸಿ ಚಿಲಕ ತೆಗೆದೆ.

ಸಾಲಿನ ಅಷ್ಟೂ ಮನೆಗಳ ಬಾಗಿಲು ಹಾರುಹೊಡೆದಿದ್ದವು. ಹೆಂಗಸರು ಅಂಗಳದಲ್ಲಿ ನಿಂತಿದ್ದರು. ಎಲ್ಲರ ಮುಖವೂ ಗಣಿಬಾಯಿಯ ಮೇಲೆ ಪಂಜರವನ್ನು ಇಳಿಸಿ ಏರಿಸುವ ದೊಡ್ಡ ಚಕ್ರದ ಕಡೆಗಿತ್ತು.

"ಬರ್ಸ್ಟ್ ಆಗದೆ," ಮುನಿಯಮ್ಮ ಮೆಲ್ಲಗೆ ಹೇಳಿದಳು. "ಕೆಳಗೆ ಬಂಡೆ ಸಿಡಿದದೆ. ಗಂಡಸ್ರು ಮೇಲಕ್ಕೆ ಬರೋಗಂಟ ಈ ಲೈನಲ್ಲಿ ಯಾರೂ ಬಾಗ್ಲು ಆಕಾಕಿಲ್ಲ. ಬರೋರಿಗೆ ಬಾಗ್ಲು ಆಕಿರಬಾರ್ದು. ನಿಂದೊಂದೇ ಆಕಿತ್ತು, ಅದ್ಕೇ ಬಡದೆ."

ನೂಕಿದವನು ಬಾಗಿಲಾಚೆ ಇರಲಿಲ್ಲ, ಕಾಲಡಿಯಲ್ಲಿದ್ದ. ಇವರೂ ಅಲ್ಲೇ ಇದ್ದರು.

ಆ ಇಡೀ ಹಗಲು ತೆರೆದ ಬಾಗಿಲಲ್ಲಿ ಕುಳಿತೆ. ಎದುರಿಗೆ ಗಣಿಯ ಹೊಟ್ಟೆಯಿಂದ ತೆಗೆದು ಸುರಿದ ಬೂದುಮಣ್ಣಿನ ಗುಡ್ಡ. ಬೀದಿಯಲ್ಲಿ ಗುರುತಿಲ್ಲದ ಗಂಡಸರು ಓಡಾಡುತ್ತಿದ್ದರು. ಒಬ್ಬ ಕಾಂಪೌಂಡಿನ ಬಳಿ ನಿಂತು ನಮ್ಮ ಮನೆಯೊಳಗೇ ನೋಡಿದ. ಇವನೇ ಸಸ್ಪೆಕ್ಟ್ ಅನ್ನಿಸಿತು, ಎದ್ದು ಬಾಗಿಲು ಹಾಕಲು ಮಾತ್ರ ಕೈ ಬರಲಿಲ್ಲ. ಹಾಕಿದರೆ ಇವರು ಬರದೇ ಹೋದರೆ? ಕಾನ್ವೆಂಟಿನ ಪ್ರಾರ್ಥನೆ ನೆನಪಿಸಿಕೊಂಡೆ, ಅರ್ಧಕ್ಕೇ ನಿಂತಿತು. ಬಾಯಿಗೆ ಬಂದದ್ದು ಅವ್ವ ಹೇಳುತ್ತಿದ್ದ ಕನ್ನಡದ ಹಾಡು. ಪಕ್ಕದಲ್ಲಿ ಡಾರಥಿ ಆಂಟಿಯೂ ಬಾಗಿಲು ತೆರೆದು, ಬೆತ್ತದ ಕುರ್ಚಿ ಹಾಕಿಕೊಂಡು ಕುಳಿತಿದ್ದರು. ಅವರ ಮನೆಯಿಂದ ಗಣಿಗಿಳಿಯುವವರು ಯಾರೂ ಇಲ್ಲದೆ ವರ್ಷಗಳಾಗಿದ್ದವು. ಆ ದಿನ ಅವರು ನನಗೆ ಒಂದು ಪದವನ್ನೂ ಕಲಿಸಲಿಲ್ಲ.

ಬಿಸಿಲು ಇಳಿದ ಮೇಲೆ ಗಂಡಸರು ಒಬ್ಬೊಬ್ಬರೇ ಬರತೊಡಗಿದರು. ಬೇರೆ ದಾರಿಯಿಂದ ಸುತ್ತಿ ಮೇಲೆ ಬಂದಿದ್ದರಂತೆ. ಇವರ ಮುಖದ ತುಂಬ ಧೂಳು, ಕಣ್ಣೆರಡೇ ಕಾಣುತ್ತಿದ್ದವು. ಒಳಗೆ ಬಂದವರೇ ಟ್ರಂಕಿಗೆ ಎಡವಿದರು.

"ಇದನ್ನ್ಯಾಕ ಇಲ್ಲೆ ತಂದೀ?"

"ಕೂಡ್ರಲಿಕ್ಕೆ," ಅಂದೆ.

ಇವರು ಅದರ ಮೇಲೇ ಕುಳಿತು ನೀರು ಕೇಳಿದರು. ಒಂದೇ ಗುಕ್ಕಿಗೆ ಕುಡಿದು ಇನ್ನೊಂದು ಲೋಟ ಕೇಳಿದರು. ಊರಿಗೆ ಹೋಗುವ ಮಾತನ್ನು ಇಬ್ಬರೂ ಎತ್ತಲಿಲ್ಲ. ಅಲ್ಲಿಯ ನೆಲ ಅಲುಗುವುದಿಲ್ಲ, ನಿಜ. ಆದರೆ ಇಲ್ಲಿ ಹೀಗೆ ಲೋಟಗಳು ಅಲುಗಿದ ದಿನ ನಾನು ಅಲ್ಲಿ ರೊಟ್ಟಿ ಬಡಿಯುತ್ತಿದ್ದರೆ ಈ ಮನೆಯ ಬಾಗಿಲನ್ನು ಯಾರು ತೆಗೆದಿಡಬೇಕು?

ಸಂಜೆ ತುಳಸಿಗೆ ನೀರು ಹಾಕಲು ಹೊರಗೆ ಬಂದೆ. ಆಂಟಿ ತಮ್ಮ ಕ್ರೋಟನ್ ಗಿಡಗಳ ಒಣಗಿದ ಎಲೆ ಕೀಳುತ್ತಿದ್ದರು. ಟ್ರಂಕು ತುಂಬುವ ಮಾತನ್ನು ಹಿಂದಿನ ದಿನವೇ ಅವರ ಕಿವಿಗೆ ಹಾಕಿದ್ದೆ.

"ಊರಿಗೆ ಯಾವಾಗ, ಚೈಲ್ಡ್?"

"ಗೊತ್ತಿಲ್ಲ ಆಂಟಿ."

"ನೋಡ್ಕೊಂಡು ಓಗು," ಎಂದರು, ತಲೆ ಎತ್ತದೆ. "ಆ ಸಸ್ಪೆಕ್ಟ್ ಬಂಗಾರಪೇಟೆ ಬಿಟ್ಬಿಟ್ನಂತೆ. ನಿಮ್ಮೂರ ಕಡೆ ಹುಬ್ಬಳ್ಳಿ ಗಾಡಿ ಹತ್ತಿದ್ದು ನೋಡ್ದೋರು ಇದ್ದಾರೆ."