ಅಕ್ಕ ಇಲ್ಲದ ವಂಶವೃಕ್ಷ

ನನ್ನ ಅಕ್ಷರ ದುಂಡಗಿದೆ ಎನ್ನುವುದೇ ನನಗೆ ಅಂಟಿದ ಶನಿ. ಕನಕಪುರದ ಸುತ್ತಮುತ್ತ ಮೂವತ್ತು ವರ್ಷ ಕನ್ನಡ ಮೇಷ್ಟ್ರಾಗಿದ್ದೆ. ಜನ ನನ್ನ ಪಾಠವನ್ನೆಲ್ಲ ಮರೆತರು, ಕೈಬರಹ ಮಾತ್ರ ಮರೆಯಲಿಲ್ಲ. ಅರ್ಜಿಯಿರಲಿ, ತಕರಾರಿರಲಿ, ‘ಮೇಷ್ಟ್ರೇ, ಒಸಿ ಬರ್ಕೊಡಿ’ ಎಂದು ಬಂದುಬಿಡುತ್ತಾರೆ. ಬೈದುಕೊಂಡೇ ಬರೆದುಕೊಡುತ್ತೇನೆ. ಅಕ್ಷರ ಹೊಗಳಿದರೆ ಇನ್ನೊಂದು ಪ್ರತಿಯನ್ನೂ ಬರೆದುಕೊಡುತ್ತೇನೆ.

ಹೋದ ವರ್ಷ ನನ್ನ ಬಾಲ್ಯದ ಗೆಳೆಯನ ತಾಯಿ ತೀರಿಕೊಂಡಳು. ಕಬ್ಬಾಳಿನ ಹತ್ತಿರದ ನಮ್ಮೂರಿನಲ್ಲಿ ಅವನ ಮನೆಗೂ ನಮ್ಮ ಮನೆಗೂ ಒಂದೇ ಗೋಡೆ. ನಾನೂ ಅವಳನ್ನು ಅವ್ವ ಎಂದೇ ಕರೆದವನು, ಅವಳ ಕೈಯ ಮುದ್ದೆ ಉಂಡವನು. ಗೆಳೆಯ ರೇಷ್ಮೆ ಸಾಕುವವನು. ಹುಳುವಿಗೆ ಸೊಪ್ಪು ಹಾಕುವ ಹೊತ್ತಾಯಿತೆಂದರೆ ನೆಂಟರ ಮದುವೆಯ ಊಟದಿಂದಲೂ ಎದ್ದು ಬರುವ ಆಸಾಮಿ. ಅಂಥವನು ಅವ್ವ ಹೋದ ಮೇಲೆ ಒಂದು ಬೆಳೆಯನ್ನೇ ಕೈಬಿಟ್ಟ.

ಮನೆ ಅವ್ವನ ಹೆಸರಿನಲ್ಲಿತ್ತು. ಖಾತೆ ಬದಲಾಗಬೇಕಾದರೆ ಮೊದಲು ವಂಶವೃಕ್ಷ ಆಗಬೇಕು. ತೀರಿಕೊಂಡವರು ಯಾರು, ಅವರ ಮಕ್ಕಳು ಯಾರು ಎಂದು ಬರೆದು ನಾಡಕಚೇರಿಗೆ ಕೊಡುವ ಕಾಗದ ಅದು. ತಿಥಿ ಕಳೆದು ಒಂದು ತಿಂಗಳಾದ ಮೇಲೆ ಗೆಳೆಯ ಅವ್ವನ ಕಾಗದಗಳಿದ್ದ ಬಿಸ್ಕತ್ತಿನ ಡಬ್ಬ ಹಿಡಿದುಕೊಂಡು ನನ್ನ ಮನೆಗೆ ಬಂದ. ಡಬ್ಬದ ಮುಚ್ಚಳ ತೆಗೆಯಲು ಅವನಿಗೆ ಕೈ ಬರಲಿಲ್ಲ, ನಾನೇ ತೆಗೆದೆ.

“ಅವ್ವನ ಹೆಸ್ರು ಮುಂದೆ ‘ಮೃತ’ ಅಂತ ಬರೀಬ್ಯಾಡ ಕಣ್ಲಾ” ಎಂದ.

“ಮತ್ತೇನ್ಲಾ ಬರೀಲಿ? ಸತ್ತಿಲ್ಲ ಅಂದ್ರೆ ಖಾತೆ ಯಾಕ್ಲಾ ಬದ್ಲಾಯ್ತದೆ?”

ಅವನು ಮುಖ ತಿರುಗಿಸಿಕೊಂಡ. ನನ್ನ ಬಾಯಿಗಿಷ್ಟು ಮಣ್ಣು ಹಾಕ ಎಂದುಕೊಂಡೆ. ಎಳೆದಾಡಿ ಎಳೆದಾಡಿ ಕೊನೆಗೆ ‘ದಿವಂಗತ’ಕ್ಕೆ ರಾಜಿಯಾಯಿತು. ಆ ಒಂದು ಪದಕ್ಕೆ ಅರ್ಧ ಗಂಟೆ ಹಿಡಿಯಿತು. ಆಮೇಲೆ ಸ್ಕೇಲು ಇಟ್ಟು ಕೆಂಪು ಶಾಯಿಯಲ್ಲಿ ಹೆಸರಿಗೊಂದರಂತೆ ಚೌಕಗಳನ್ನು ಎಳೆದೆ. ಮೇಲೆ ಎಂದೋ ತೀರಿಹೋಗಿದ್ದ ಅವನ ಅಪ್ಪ ಮತ್ತು ಅವ್ವ, ಕೆಳಗೆ ಗೆಳೆಯ, ಅವನ ಕೆಳಗೆ ಅವನ ಇಬ್ಬರು ಗಂಡುಮಕ್ಕಳು. ಇಬ್ಬರೂ ಎರಡೆರಡು ಸಲ ಓದಿದೆವು. ಒಂದು ಕಾಗುಣಿತದ ತಪ್ಪೂ ಸಿಗಲಿಲ್ಲ.

ಮುಂದಿನ ಸೋಮವಾರ ಅಕ್ಕ ಬಂದಳು. ಗೆಳೆಯನಿಗೆ ಇರುವವಳು ಅವಳೊಬ್ಬಳೇ ಅಕ್ಕ, ಅವನಿಗಿಂತ ಆರು ವರ್ಷ ದೊಡ್ಡವಳು, ಮಾಗಡಿ ಕಡೆ ಕೊಟ್ಟಿದ್ದಾರೆ. ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಲು ಗೆಳೆಯನೇ ಫೋನ್ ಮಾಡಿ ಕರೆಸಿದ್ದ. ನಮ್ಮ ಕಡೆಯ ವಾಡಿಕೆ ಅದು. ಅರಿಶಿನ ಕುಂಕುಮಕ್ಕೆ ಎಂದು ಒಂದು ಸೀರೆ ಕೊಟ್ಟರೆ, ಹೆಣ್ಣುಮಗಳು ತವರಿನ ಪಾಲು ಬೇಡವೆಂದು ಸಹಿ ಹಾಕಿ ಹೋಗುತ್ತಾಳೆ. ಸೀರೆ ತಂದಿಟ್ಟಾಗಿತ್ತು, ನಾನೂ ಬಿಡುಗಡೆ ಪತ್ರ ಬರೆದುಕೊಂಡು ಗೆಳೆಯನ ಮನೆಗೆ ಬಂದು ಕೂತಿದ್ದೆ.

ಬೇರೆ ದಿನವಾಗಿದ್ದರೆ ಅಕ್ಕ ಚಪ್ಪಲಿ ಬಿಟ್ಟವಳೇ ಅಡುಗೆಮನೆಗೆ ನುಗ್ಗಿ ಪಾತ್ರೆಗಳ ಮುಚ್ಚಳ ಎತ್ತಿ ನೋಡುತ್ತಿದ್ದಳು. ಅವತ್ತು ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಜಗಲಿಯಲ್ಲೇ ಕುಳಿತಳು. ಗೆಳೆಯನ ಹೆಂಡತಿ “ಒಳಕ್ ಬನ್ನಿ ಅತ್ತಿಗೆ” ಎಂದು ಎರಡು ಸಲ ಕರೆದರೂ “ಇರ್ಲಿ ಕಣವ್ವ, ಇಲ್ಲೇ ಗಾಳಿ ಚೆನ್ನಾಗೈತೆ” ಎಂದಳು. ಅವ್ವ ಇಲ್ಲದ ಮನೆಗೆ ಅಕ್ಕ ನೆಂಟರ ಹಾಗೆ ಬಂದಿದ್ದಳು.

“ಆಧಾರ್ ಕಾರ್ಡ್ ತಂದಿವ್ನಿ. ಬಸ್ಗೂ ಆಯ್ತು, ಸೈನ್ಗೂ ಆಯ್ತು. ಎಲ್ಲಿ ಹಾಕ್ಬೇಕು ತೋರ್ಸಿ, ಸಂಜೆ ಬಸ್ಗೆ ಹೊಂಟೋಯ್ತೀನಿ.”

ನಾನು ಜಂಬದಿಂದ ವಂಶವೃಕ್ಷವನ್ನೂ ಅವಳ ಮುಂದೆ ಹಿಡಿದೆ. ಅಕ್ಕ ಕನ್ನಡಕ ಹಾಕಿಕೊಂಡು ಒಂದೊಂದೇ ಹೆಸರಿನ ಮೇಲೆ ಬೆರಳಿಟ್ಟು ಓದಿದಳು. ಬೆರಳು ಕೆಳಗಿನವರೆಗೆ ಹೋಯಿತು, ಮತ್ತೆ ಮೇಲಕ್ಕೆ ಬಂತು, ಮತ್ತೆ ಕೆಳಗೆ ಇಳಿಯಿತು.

“ಸೈನ್ ಹಾಕ್ತೀನಿ, ಅದ್ಕೇ ಬಂದಿರೋದು” ಎಂದಳು. “ಆದ್ರೆ ಇದ್ರಲ್ಲಿ ನಾನು ಹುಟ್ಟೇ ಇಲ್ವಲ್ರಪ್ಪ.”

ಪಾಲು ಬಿಡು ಎಂದು ಕರೆಸಿದವರು ಅವಳನ್ನು ಬರೆದೇ ಇರಲಿಲ್ಲ! ‘ಕೊಟ್ಟ ಹೆಣ್ಣು ಕುಲಕ್ಕೆ ಹೊರಗು’ ಎನ್ನುವ ಗಾದೆ ತಲೆಯಲ್ಲಿ ಅಷ್ಟು ಗಟ್ಟಿಯಾಗಿ ಕೂತಿತ್ತು ಅಂತ ಕಾಣುತ್ತೆ, ಕೈ ತಾನಾಗಿಯೇ ಗಂಡುಮಕ್ಕಳನ್ನಷ್ಟೇ ಬರೆದಿತ್ತು. “ಹಳೇ ವಾಡಿಕೆ ಕಣಕ್ಕ...” ಎಂದು ತೊದಲಿದೆ.

“ನಿಂಗೆ ಅ ಆ ತಿದ್ಸಿದ್ದು ಯಾರ್ಲಾ?”

ತಿದ್ದಿಸಿದ್ದು ಅವಳೇ. ಇದೇ ಜಗಲಿಯ ಮೇಲೆ ನನ್ನ ಕೈ ಹಿಡಿದು ಸ್ಲೇಟಿನ ಮೇಲೆ ಬರೆಸುತ್ತಿದ್ದಳು. ‘ಳ’ದ ಸುಳಿ ಸೊಟ್ಟಗಾದರೆ ತಲೆಗೆ ಮೊಟಕುತ್ತಿದ್ದಳು. ಐದನೇ ಕ್ಲಾಸಿಗೆ ಅವಳನ್ನು ಬಿಡಿಸಿ ಹುಳುವಿಗೆ ಸೊಪ್ಪು ಹಾಕಲು ಹಚ್ಚಿದರು, ನಾನು ಮೇಷ್ಟ್ರಾದೆ. ಅವಳು ಕಲಿಸಿದ ಅಕ್ಷರದಲ್ಲೇ ಅವಳನ್ನು ಬಿಟ್ಟು ಬರೆದಿದ್ದೆ. ಅಷ್ಟು ನಾಚಿಕೆ ನನಗೆ ಜೀವಮಾನದಲ್ಲಿ ಆಗಿಲ್ಲ.

ತಿಥಿಯ ದಿನವೂ ಅಳದಿದ್ದ ಗೆಳೆಯ ಈಗ ಅತ್ತ. “ಅವ್ವನ್ನ ಸತ್ತೋದ್ಲು ಅಂತ ಬರೀಬ್ಯಾಡ ಅಂತ ಅರ್ಧ ಗಂಟೆ ಕಿತ್ತಾಡ್ದೆ ಕಣಕ್ಕ. ಬದ್ಕಿರೋ ನಿನ್ನೇ ಬುಟ್ಬುಟ್ಟೆ.”

ನಾನು ಹೊಸ ಹಾಳೆ ತೆಗೆದೆ. ಸ್ಕೇಲು ಹುಡುಕುವ ವ್ಯವಧಾನವಿರಲಿಲ್ಲ, ಗೆರೆಗಳು ಸೊಟ್ಟಗೇ ಬಂದವು. ಅವ್ವನ ಕೆಳಗೆ ಮೊದಲು ಅಕ್ಕ, ಆಮೇಲೆ ಗೆಳೆಯ. ಅವನು ಬಿಡುಗಡೆ ಪತ್ರವನ್ನು ಪಕ್ಕಕ್ಕೆ ತಳ್ಳಿ, “ಇದು ಬ್ಯಾಡ. ಖಾತೆ ಇಬ್ರ ಹೆಸ್ರಲ್ಲೂ ಆಗ್ಲಿ” ಎಂದ.

“ನಂಗ್ಯಾಕ್ಲಾ ಮನೆ? ಮಾಗಡೀಲಿ ಐತಲ್ಲ.”

“ಅದು ಬಾವಂದು. ಇದು ಅವ್ವಂದು.”

ಅವನ ಹೆಂಡತಿ ಏನನ್ನುತ್ತಾಳೋ ಎಂದು ನಾನು ಓರೆಗಣ್ಣಿನಲ್ಲಿ ನೋಡಿದೆ. ಅವಳು ಬಾಗಿಲಲ್ಲಿ ನಿಂತು, “ಸೀರೆ ಮಾತ್ರ ವಾಪಸ್ ಕೊಡ್ಬ್ಯಾಡಿ ಅತ್ತಿಗೆ, ನಾನೇ ಆರ್ಸಿದ್ದು” ಎಂದಳು.

ಅಕ್ಕ ಹಳೆಯ ಹಾಳೆಯನ್ನು ಮಡಿಸಿ ಕೈಯಲ್ಲಿ ಹಿಡಿದು ಎದ್ದಳು, ಚೀಲವನ್ನು ಜಗಲಿಯಲ್ಲೇ ಬಿಟ್ಟು ಸೀದಾ ಒಳಗೆ ಹೋದಳು. ಸ್ವಲ್ಪ ಹೊತ್ತಿಗೆ ಬಚ್ಚಲ ಒಲೆಯ ಕಡೆಯಿಂದ ಅವಳ ದನಿ ಕೇಳಿತು: “ದುಂಡಗಿರೋ ಅಕ್ಷರ ಚೆನ್ನಾಗಿ ಉರೀತವೆ ಕಣ್ಲಾ ಮೇಷ್ಟ್ರೇ!”

ಆಮೇಲೆ ಅಡುಗೆಮನೆಯಲ್ಲಿ ಮುಚ್ಚಳಗಳ ಸದ್ದಾಯಿತು.

“ಉಪ್ಪಿನ ಜಾಡಿ ಯಾರ್ಲಾ ಇಲ್ಲಿಂದ ಎತ್ತಿಟ್ಟಿದ್ದು?”

ಜಗಲಿಯಲ್ಲಿ ಕುಳಿತಿದ್ದ ಅರವತ್ತು ದಾಟಿದ ನಾವಿಬ್ಬರೂ ಒಟ್ಟಿಗೆ ಕೂಗಿ ಹೇಳಿದೆವು: “ನಾನಲ್ಲ ಕಣಕ್ಕ!”