ಮುಚ್ಚಳದ ಪಲ್ಯ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ, ಇದರಲ್ಲಿ ಮೂರ್ಖ ನಾನೇ. ಶಿರಸಿಯ ಬೈಕ್ ಶೋರೂಮೊಂದರ ಸರ್ವಿಸ್ ಕೌಂಟರಿನಲ್ಲಿದ್ದಾಗ, ಪ್ರತಿ ಸಂಬಳದ ದಿನ ನಮ್ಮ ಲೆಕ್ಕದ ಅಕ್ಕನ ಹಾಗೆ ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ, ಅವರದೇ ದನಿಯಲ್ಲಿ ನನ್ನ ಚೀಟಿ ಓದುತ್ತಿದ್ದೆ: "ಕಾರ್ಮಿಕ ವಿಮೆ ಕಡಿತ... ಇದು ಧಣಿಯ ಹೊಸ ಸೋಫಾಕ್ಕೆ!" ಎಲ್ಲರೂ ನಗುತ್ತಿದ್ದರು. ವಿಮೆಗೆ ಆಧಾರ್, ಪಾಸ್‌ಬುಕ್ ಜೋಡಿಸಬೇಕೆಂದು ಅಕ್ಕ ಕೇಳಿದರೆ, "ಸೋಫಾದ ಬಣ್ಣ ಹೇಳಿ, ಕೊಡ್ತೆ" ಅನ್ನುತ್ತಿದ್ದೆ. ಕಡೆಗೆ ನನ್ನ ಬ್ಯಾಗಿಗೆ ಅವರೇ ಕೈಹಾಕಿ, ಜೆರಾಕ್ಸ್ ಮಾಡಿಸಿ ಕೆಲಸ ಮುಗಿಸಿದರು.

ಹೋದ ವರ್ಷ ಶೋರೂಮ್ ಮುಚ್ಚಿತು.

ಸಂಬಳ ನಿಂತದ್ದು ನಿಜ. ಆದರೆ ಹೆಚ್ಚು ನೆನಪಾಗುತ್ತಿದ್ದದ್ದು ಮಧ್ಯಾಹ್ನದ ಒಂದೂವರೆ. ಆ ಹೊತ್ತಿಗೆ ನಾವೆಲ್ಲ ಬಿಡಿಭಾಗಗಳ ಕೋಣೆಯಲ್ಲಿ ಹಳೇ ಟೈರುಗಳ ಮೇಲೆ ಕೂರುತ್ತಿದ್ದೆವು. ಅಕ್ಕನ ದೊಡ್ಡ ಡಬ್ಬಿಯ ಮುಚ್ಚಳ ನಡುವೆ ಅಂಗಾತ ಬೀಳುತ್ತಿತ್ತು. ಬಾಯಿಗೆ ತುತ್ತಿಡುವ ಮೊದಲು ಪ್ರತಿಯೊಬ್ಬರೂ ತಮ್ಮ ಪಲ್ಯದಿಂದ ಒಂದು ಚಮಚ ಅದಕ್ಕೆ ಹಾಕಬೇಕು. ಯಲ್ಲಾಪುರದಿಂದ ದಿನಾ ಬರುತ್ತಿದ್ದ ಮೆಕ್ಯಾನಿಕ್ ಚಾಚಾ, ಮುಚ್ಚಳಕ್ಕೆಂದೇ ಬೇರೆ ಸಣ್ಣ ಡಬ್ಬಿಯಲ್ಲಿ ಬದನೆಕಾಯಿ ತರುತ್ತಿದ್ದರು. ಡಬ್ಬಿ ತರದವರ ಊಟ ಆ ಮುಚ್ಚಳದ್ದು. ಡಬ್ಬಿ ತರದವನು ಹೆಚ್ಚಾಗಿ ನಾನೇ. ಬದಲಿಗೆ ಚಾಚಾ ಕೆಮ್ಮಿ ಗಿರಾಕಿಗೆ ಬೈಯುವುದನ್ನು ಮಾಡಿ ತೋರಿಸುತ್ತಿದ್ದೆ. "ಅರೆ, ನನಗಿಂತ ಚೆನ್ನಾಗಿ ಕೆಮ್ತಾನೆ ಇವ್ನು!" ಎಂದು ಚಾಚಾ ಇನ್ನೊಂದು ಚಮಚ ನನ್ನ ಕಡೆ ತಳ್ಳುತ್ತಿದ್ದರು.

ಶೋರೂಮ್ ಮುಚ್ಚಿದ ಮೇಲೆ ಬಾಡಿಗೆ ಕೋಣೆಯಲ್ಲಿ ಒಬ್ಬನೇ ಕೂತು ಕೆಮ್ಮಿ ನೋಡಿದೆ. ಬರೀ ಕೆಮ್ಮಿನ ಹಾಗೇ ಕೇಳಿಸಿತು.

ಬಾಡಿಗೆ ಕೊಡಲಾಗದಿದ್ದರೆ ನಮ್ಮೂರು ನಿಲ್ಕುಂದಕ್ಕೆ ವಾಪಸು. ಅಲ್ಲಿ ಅಣಕಿಸಲು ಸಿಗುವುದು ಅಪ್ಪ ಮತ್ತು ಒಂದು ಹುಂಜ. ಇಬ್ಬರಿಗೂ ನಗು ಬಾರದು. ಶಿರಸಿಯಲ್ಲಿ ಇನ್ನೊಂದು ಕೆಲಸ ಹುಡುಕಲು ಎರಡು ಮೂರು ತಿಂಗಳು ಹೇಗಾದರೂ ದಾಟಬೇಕಿತ್ತು. ಆಗಲೇ ಅಕ್ಕನ ಫೋನು: "ತಮಾ, ಕೆಲಸ ಹೋದವಕ್ಕೆ ವಿಮೆಯಿಂದ ಸ್ವಲ್ಪ ದಿನ ಅರ್ಧ ಸಂಬಳ ಬತ್ತು. ಬಾ, ಅರ್ಜಿ ಹಾಕನ."

ಅಕ್ಕನಿಗೆ ಸಿದ್ದಾಪುರದ ಅಂಗಡಿಯೊಂದರಲ್ಲಿ ಕೆಲಸ ಸಿಕ್ಕಿತ್ತು, ಕೋಲಸಿರ್ಸಿಯಲ್ಲಿರುವ ಅವರ ಮನೆಗೂ ಹತ್ತಿರ. ಬಸ್ಸು ಹತ್ತಿ ಹೋದೆ. ಅಕ್ಕ ನನ್ನ ಅರ್ಜಿ ತುಂಬತೊಡಗಿದ ಕಂಪ್ಯೂಟರಿನ ಪಕ್ಕ ಅದೇ ಡಬ್ಬಿ. ಮುಚ್ಚಳ ಮಾತ್ರ ಡಬ್ಬಿಯ ಮೇಲೇ ಇತ್ತು.

"ಈ ದುಡ್ಡು ಯಾರದ್ದು ಅಕ್ಕಾ? ಸರ್ಕಾರದ್ದಾ?"

"ನಿನ್ನ ಸಂಬಳದ್ದು ಚೂರು, ಧಣಿ ಕಡೆಯಿಂದ ಅದರ ನಾಲ್ಕು ಪಟ್ಟಿಗೂ ಮೇಲೆ. ಎಲ್ಲಾ ಊರಿನ ಕೆಲಸದವ್ರದ್ದೂ ಹಿಂಗೇ ಒಂದೇ ನಿಧಿಗೆ ಹೋಗ್ತು. ಹುಷಾರಿಲ್ದವಕ್ಕೆ ಔಷಧ, ಕೆಲಸ ಹೋದವಕ್ಕೆ ಇದು, ಎಲ್ಲಾ ಅದರಿಂದ್ಲೇ."

"ಈಗ ನಿಮ್ಮ ಸಂಬಳದಿಂದಲೂ ಕತ್ತರಿಸ್ತಾರಾ?"

"ಮತ್ತೆ? ಹೋದ ತಿಂಗಳಿಂದ."

ನಾನು ಕೂತು ತಿನ್ನಲು ಅಕ್ಕನ ಸಂಬಳದಿಂದ ಕಡಿತ! ಎದ್ದು ನಿಂತೆ. "ಬೇಡ ಅಕ್ಕಾ, ಯಾರ್‍ಯಾರದೋ ದುಡ್ಡು ನಂಗೆ ಬೇಡ. ನಿಮ್ಮದಂತೂ ಬೇಡವೇ ಬೇಡ."

ಅಕ್ಕ ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿದರು. ನಾನು ಎಷ್ಟು ಸಲ ಮಾಡಿದರೂ ಅಷ್ಟು ಸರಿಯಾಗಿ ಬಂದಿರಲಿಲ್ಲ.

"ಅಷ್ಟು ವರ್ಷ ಮುಚ್ಚಳದಿಂದ ತಿಂಬಕಾದ್ರೆ ಯಾರ ಚಮಚದ್ದು ಅಂತ ಕೇಳಿದ್ಯಾ? ನಾಟಕ ಸಾಕು ತಮಾ, ನಿನ್ನ ಫೋನಿಗೆ ಬಂದ ಒಟಿಪಿ ಹೇಳು."