ಯಾವ ಹಡಗಲಿ

ಕೊಟ್ಟೂರಿನ ಬಸ್ ಸ್ಟ್ಯಾಂಡಿನ ಎದುರು ನನ್ನದೊಂದು ಎಸ್‌ಟಿಡಿ ಬೂತ್ ಇತ್ತು. ಈಗ ಆ ಜಾಗದಲ್ಲಿ ಮೊಬೈಲ್ ಕವರು ಮಾರುತ್ತಾರೆ. ಆಗ ಊರಿನ ಅರ್ಧ ಸಂಸಾರ ನನ್ನ ಗಾಜಿನ ಗೂಡಿನೊಳಗೇ ನಡೆಯುತ್ತಿತ್ತು. ಬಾಗಿಲು ಹಾಕಿಕೊಂಡರೆ ಹೊರಗೆ ಏನೂ ಕೇಳಿಸುವುದಿಲ್ಲ ಎಂದು ಜನ ನಂಬಿದ್ದರು, ಅವರ ನಂಬಿಕೆ ಕೆಡಿಸಲು ನಾನೂ ಹೋಗಲಿಲ್ಲ. ಯಾರ ಮನೆಯ ಹೆಣ್ಣು ಒಪ್ಪಿಗೆಯಾಯಿತು, ಯಾರ ಮೆಣಸಿನಕಾಯಿ ಬ್ಯಾಡಗಿಯಲ್ಲಿ ಹೋಗದೆ ಉಳಿಯಿತು, ಎಲ್ಲ ನನಗೆ ಗೊತ್ತಾಗುತ್ತಿತ್ತು. ಆದರೆ ನೌಕಾಪಡೆಯ ಗುಟ್ಟೊಂದು ವರ್ಷಗಟ್ಟಲೆ ನನ್ನ ಬೂತಿನಲ್ಲಿ ಓಡಾಡಿಕೊಂಡಿತ್ತು ಅಂದರೆ ಯಾರೂ ನಂಬುವುದಿಲ್ಲ. ಆ ಗುಟ್ಟಿನ ಒಡತಿ ಸುಮಂಗಲಾ.

ಸುಮಂಗಲಾ ಚಿಗಟೇರಿಯ ಹುಡುಗಿ, ನಮ್ಮೂರಿನ ಆಸ್ಪತ್ರೆಯಲ್ಲಿ ನರ್ಸ್. ಊರೆಲ್ಲ ಅವಳನ್ನು ಸಿಸ್ಟರ್ ಅನ್ನುತ್ತಿತ್ತು. ಬಿಸಿಲಲ್ಲಿ ಹಳ್ಳಿ ಸುತ್ತಿ, ಮಕ್ಕಳಿಗೆ ಸೂಜಿ ಚುಚ್ಚಿ, ಅವುಗಳ ತಾಯಂದಿರಿಂದ ಬೈಸಿಕೊಂಡು ಬಂದು ನನ್ನ ಬೂತಿನ ಸ್ಟೂಲಿನ ಮೇಲೆ ಕೂತು ನೀರು ಕೇಳುವಳು. ಗಂಡ ಕ್ರಾಂತಿಕುಮಾರ್ ನಮ್ಮೂರಿನವನೇ. ಹೋರಾಟ, ಮೆರವಣಿಗೆ ಎಂದು ತಿರುಗುತ್ತಿದ್ದ ಅಪ್ಪ ಉಚ್ಚಂಗೆಪ್ಪ ಮಗನಿಗೆ ಕ್ರಾಂತಿ ಎಂದು ಹೆಸರಿಟ್ಟು, ಅವನು ಕಾಲೇಜು ಮುಗಿಸುವ ಮೊದಲೇ ತೀರಿಕೊಂಡ. ಮಗ ನೌಕಾಪಡೆಗೆ ಸೇರಿದ. ನೀರಿನ ಸಪ್ಪಳ ಕೇಳಿದರೆ ಕೊಡ ಹಿಡಿದುಕೊಂಡು ಓಡುವ ಊರಿನಲ್ಲಿ ಹುಟ್ಟಿದವನು, ದಡವೇ ಕಾಣದಷ್ಟು ನೀರಿನ ಮೇಲೆ ಸಂಬಳ ಎಣಿಸತೊಡಗಿದ.

ಅವನು ರಜೆಗೆ ಬಂದರೆ ಆ ಮನೆಯಲ್ಲಿ ಕಾಲಿಡಲು ಜಾಗ ಇರುತ್ತಿರಲಿಲ್ಲ. ಅತ್ತೆ ಗಿಡ್ಡಮ್ಮ, ಅಣ್ಣನ ಸಂಸಾರ, ಮಿಲಿಟರಿ ಬಾಟ್ಲಿ ತಂದಿರಬಹುದು ಎಂದು ಬರುವ ಗೆಳೆಯರು, ಸಮುದ್ರ ಹೇಗಿರುತ್ತದೆ ಎಂದು ಕೇಳಲು ಬರುವ ನೆಂಟರು. ಗಂಡನ ಮುಖವನ್ನು ಹೆಂಡತಿ ಜನರ ಭುಜಗಳ ಸಂದಿಯಲ್ಲಿ ನೋಡಬೇಕು. ಅದಕ್ಕೇ ಇವಳು ಒಂದು ಉಪಾಯ ಮಾಡಿದಳು. ಮುಂಬಯಿಯಿಂದ ಬರುವವನು ಹುಬ್ಬಳ್ಳಿ, ಗದಗು ದಾಟಿ, ಮುಂಡರಗಿ ಮೇಲೆ ಹೂವಿನ ಹಡಗಲಿಗೆ ಬಂದು, ಅಲ್ಲಿ ಕೊಟ್ಟೂರಿನ ಬಸ್ಸು ಹಿಡಿಯಬೇಕು. ಇವಳು ಮೊದಲೇ ಹೋಗಿ ಹಡಗಲಿ ಬಸ್ ಸ್ಟ್ಯಾಂಡಿನಲ್ಲಿ ಕೂರುವಳು. ಅಲ್ಲಿಂದ ಕೊಟ್ಟೂರಿನ ತನಕ ಇಬ್ಬರಿಗೂ ಒಂದೇ ಸೀಟು. ಮದುವೆಯಾದ ಮೇಲೆ ಅವರಿಬ್ಬರೇ ಕೂತು ಮಾತಾಡಿದ್ದೆಲ್ಲ ಆ ಕೆಂಪು ಬಸ್ಸಿನಲ್ಲೇ ಎಂದು ಅವಳೇ ನನಗೆ ಹೇಳಿದ್ದಳು.

ಗುಟ್ಟು ಹುಟ್ಟಿದ್ದೂ ಆ ಬಸ್ಸಿನಲ್ಲೇ. ಹಡಗು ಯಾವಾಗ ಹೊರಡುತ್ತದೆ, ಎಲ್ಲಿಗೆ ಹೋಗುತ್ತದೆ ಎಂಬುದನ್ನು ಮನೆಯವರಿಗೂ ಹೇಳುವಂತಿಲ್ಲ. ಫೋನಿನಲ್ಲಂತೂ ಹಡಗು ಎಂಬ ಮಾತೇ ಎತ್ತುವಂತಿಲ್ಲ. ಅವನು ಬಸ್ಸಿನ ಬೋರ್ಡು ತೋರಿಸಿ, "ನೋಡು, ನಮ್ಮ ಕಡಿ ಊರಿನ ಹೆಸರಿನಾಗ ಹಡಗು ಐತಿ. ನಾನು ಹಡಗಲಿಗೆ ಹೊಂಟೀನಿ ಅಂದ್ರ ಸಮುದ್ರಕ್ಕ ಹೊಂಟೀನಿ ಅಂತ ತಿಳ್ಕ. ರಜಾ ಸಿಕ್ರ ಊರಿಗೆ ಬರ್ತೀನಿ ಅಂತೀನಿ," ಎಂದನಂತೆ. ಹಿಂದಿನ ಕಾಲದಲ್ಲಿ ಅಲ್ಲಿಂದ ಹಂಪೆಗೆ ಹಡಗಿನಲ್ಲಿ ಹೂವು ಹೋಗುತ್ತಿತ್ತು, ಅದಕ್ಕೇ ಆ ಹೆಸರು ಎಂದು ನಮ್ಮ ಕಡೆ ಹಿರಿಯರು ಹೇಳುತ್ತಾರೆ. ಈಗ ಅಲ್ಲಿ ಹೂವು ಇದೆ, ಹಡಗು ಇಲ್ಲ. ಆ ಇಲ್ಲದ ಹಡಗನ್ನು ಇವರಿಬ್ಬರೂ ತಮ್ಮ ಉಪಯೋಗಕ್ಕೆ ಇಟ್ಟುಕೊಂಡರು.

ಈ ಒಪ್ಪಂದ ಗಿಡ್ಡಮ್ಮನಿಗೆ ಗೊತ್ತಿರಲಿಲ್ಲ. ಅದರಿಂದ ನನಗೆ ಎಷ್ಟೋ ದಿನ ಪುಕ್ಕಟೆ ನಾಟಕ ಸಿಕ್ಕಿತು. ಒಮ್ಮೆ ಮುದುಕಿಯೇ ಫೋನು ತೆಗೆದುಕೊಂಡಿದ್ದಳು. ಹೊರಗೆ ಬಂದವಳ ಮುಖ ಕೆಂಪಾಗಿತ್ತು, ನನ್ನ ಹೆಸರು ಹಿಡಿದು ಕೂಗಿದಳು.

"ಸುಮಲತಮ್ಮಾ, ಏನು ಹೇಳ್ಲಿ ನಿನಗ. ನಾಳೆ ಹಡಗಲಿಗೆ ಹೊಂಟಾನಂತ. ಹೋದ ತಿಂಗಳೂ ಹಡಗಲಿಗೆ ಹೋಗಿದ್ನಂತ. ಇಷ್ಟು ಹತ್ರ ಬಂದು ಹೆತ್ತಾಕಿ ಮಾರಿ ನೋಡಾಕ ಆಗಲ್ಲೇನು ಇವನಿಗೆ?" ಎಂದವಳು, ನನ್ನ ಕಿವಿಯ ಹತ್ತಿರ ಬಂದು ಕೇಳಿದಳು. "ಹಡಗಲ್ಯಾಗ ಯಾರರ ಅದಾಳೇನವಾ ಅವನಿಗೆ?"

ನಾನು ನಗು ತಡೆದುಕೊಂಡು ಹೊಟ್ಟೆ ನೋಯಿಸಿಕೊಂಡೆ. ಜೊತೆಗೆ ಬಂದಿದ್ದ ಸುಮಂಗಲಾ ಮಾತ್ರ ನಗಲಿಲ್ಲ. "ಅದಾಳತ್ತಿ," ಎಂದಳು, "ಬಾಳ ದೊಡ್ಡಾಕಿ. ಒಮ್ಮೆ ಹಿಡಕಂಡ್ರ ತಿಂಗಳಗಟ್ಲೆ ಬಿಡಂಗಿಲ್ಲ."

ತೊಂಬತ್ತೊಂಬತ್ತರ ಬೇಸಿಗೆಯಲ್ಲಿ ಕಾರ್ಗಿಲ್ ಯುದ್ಧ ಬಂತು. ಬೂತಿನ ಪಕ್ಕದ ಹೋಟೆಲಿನ ಟಿವಿ ಮುಂದೆ ಜನವೋ ಜನ. ಟಿವಿಯಲ್ಲಿ ಬರೀ ಹಿಮದ ಗುಡ್ಡ, ಫಿರಂಗಿ. ಪೇಪರಿನಲ್ಲೂ ಗುಡ್ಡವೇ. ಸುಮಂಗಲಾ ದಿನಾ ಬಂದು ಪೇಪರಿನ ಮೂಲೆ ಮೂಲೆಯಲ್ಲೂ ಸಮುದ್ರ ಹುಡುಕುವಳು. ಅಲ್ಲೊಂದು ಇಲ್ಲೊಂದು ಸಾಲು ಬಿಟ್ಟರೆ ಏನೂ ಸಿಗುತ್ತಿರಲಿಲ್ಲ. ಅವನು "ಹಡಗಲಿಗೆ ಹೊಂಟೀನಿ" ಎಂದು ಹೇಳಿ ಫೋನು ಇಟ್ಟಿದ್ದೇ ಕೊನೆ, ಆಮೇಲೆ ಸುದ್ದಿಯೇ ಇಲ್ಲ. ಮಳೆಗಾಲದ ಅರಬ್ಬಿ ಸಮುದ್ರ ಹೇಗಿರುತ್ತದೆಂದು ನಮಗಿಬ್ಬರಿಗೂ ಗೊತ್ತಿರಲಿಲ್ಲ. ಗೊತ್ತಿಲ್ಲದ್ದನ್ನು ಅವಳು ರಾತ್ರಿಯೆಲ್ಲ ಕಲ್ಪಿಸಿಕೊಳ್ಳುತ್ತಿದ್ದಳು, ಬೆಳಿಗ್ಗೆ ಬಂದು ನನಗೆ ಹೇಳುತ್ತಿದ್ದಳು.

ಸಮುದ್ರದ ಯುದ್ಧದ ಬಗ್ಗೆ ಅವಳಿಗೆ ತಿಳಿದಿದ್ದೆಲ್ಲ ಅವನು ಬಸ್ಸಿನಲ್ಲಿ ಹೇಳಿದ್ದು, ನನಗೆ ತಿಳಿದಿದ್ದೆಲ್ಲ ಅವಳು ಸ್ಟೂಲಿನ ಮೇಲೆ ಕೂತು ಹೇಳಿದ್ದು. ನೀರಿನ ಮೇಲೆ ಬೇಲಿ ಹಾಕಲು ಬರುವುದಿಲ್ಲ. ಎಣ್ಣೆ ಹಡಗು ಬರುವ ದಾರಿ ಯಾರದು, ಹೋಗುವ ದಾರಿ ಯಾರದು ಎಂದು ಗೆರೆ ಎಳೆಯಲೂ ಬರುವುದಿಲ್ಲ. ಆ ದಾರಿಯ ಹತ್ತಿರ ಎಲ್ಲೋ ಒಂದು ಕಡೆ ಸುಮ್ಮನೆ ನಿಲ್ಲಬೇಕು. ನಿಂತಿದ್ದೇವೆ ಎಂಬುದು ವೈರಿಗೆ ಗೊತ್ತಿರಬೇಕು, ಎಲ್ಲಿ ಎಂಬುದು ಗೊತ್ತಿರಬಾರದು. ಕ್ರಾಂತಿಕುಮಾರನ ಕೆಲಸ ರಾಡಾರಿನ ಪರದೆ ನೋಡುವುದು. ಪರದೆಯ ಮೇಲಿನ ಚುಕ್ಕಿ ಮೀನಿನ ದೋಣಿಯೋ, ಸರಕಿನ ಹಡಗೋ, ಬೇರೆ ಏನೋ ಎಂದು ಕಣ್ಣು ಕೀಳದೆ ನೋಡುತ್ತಾ ಕೂರಬೇಕು.

"ಎಲ್ಲಿ ಅದಾರ ಅಂತ ಗೊತ್ತಾಗ್ಲಿಲ್ಲ ಅಂದ್ರ, ಎಲ್ಲಾ ಕಡಿ ಅದಾರ ಅಂತ ಆ ಮಂದಿ ಅಂಜತಾರಂತಕ್ಕಾ," ಎಂದಳು ಒಂದು ದಿನ. ಆಮೇಲೆ ಪೇಪರು ಮಡಚಿಟ್ಟು, "ನನಗೂ ಹಂಗ ಆಗೈತಿ. ಎಲ್ಲಿ ಅದಾರ ಅಂತ ಗೊತ್ತಿಲ್ಲ. ಅದಕ್ಕ ಹಾಲು ಕಾಸಿದ್ರೂ ಅವ್ರ, ಸೂಜಿ ತೊಳದ್ರೂ ಅವ್ರ," ಎಂದಳು.

ಯುದ್ಧ ಮುಗಿಯಿತು. ಅವನಿಂದ ಒಂದು ಫೋನು ಬಂತು, ದಡಕ್ಕೆ ಬಂದಿದ್ದೇನೆ, ಚೆನ್ನಾಗಿದ್ದೇನೆ ಎಂದು. ಅವರು ಸಮುದ್ರದಲ್ಲಿ ಇದ್ದಷ್ಟು ದಿನವೂ ಒಂದು ಗುಂಡನ್ನೂ ಹಾರಿಸಲಿಲ್ಲವಂತೆ. ಗಿಡ್ಡಮ್ಮನಿಗೆ ನಾಚಿಕೆಯಾಯಿತು. "ಗುಂಡು ಹಾರಿಸದ ಯುದ್ಧ ಎಂಥದು?" ಎಂದುಕೊಂಡು ಓಣಿಯಲ್ಲಿ ಯಾರಿಗೂ ಹೇಳಲಿಲ್ಲ. ಸುಮಂಗಲಾ ಅವತ್ತು ನನ್ನ ಗಿರಾಕಿಗಳಿಗೆಲ್ಲ ಚಹಾ ಕುಡಿಸಿದಳು. "ರಜಾ ಸಿಗದಿದ್ರ ಬ್ಯಾಡಕ್ಕಾ, ಒಮ್ಮೆ ಕಣ್ಣಿಲೆ ನೋಡಿದ್ರ ಸಾಕು. ಕೈಕಾಲು ನೆಟ್ಟಗದಾವೋ ಇಲ್ಲೋ," ಎನ್ನುತ್ತಿದ್ದಳು.

ಶ್ರಾವಣ ಹಿಡಿದಿತ್ತು. ಒಂದು ಶನಿವಾರ ಸಂಜೆ ಅವನ ಫೋನು ಬಂತು. ಸುಮಂಗಲಾ ಉಜ್ಜಿನಿ ಕಡೆ ಹಳ್ಳಿಗೆ ಹೋಗಿದ್ದಳು. ಅವನ ಹಿಂದೆ ಏನೋ ಗದ್ದಲ. ಬಂದರಿನಲ್ಲಿ ಗದ್ದಲ ಇದ್ದೇ ಇರುತ್ತದೆ.

"ಅಕ್ಕಾರ, ಟೈಮಿಲ್ರಿ. ನಾಳೆ ಮಧ್ಯಾಹ್ನ ಹೂವಿನ ಹಡಗಲ್ಯಾಗ ಇರ್ತೀನಿ ಅಂತ ಸುಮಂಗಲಾಗ ಹೇಳ್ರಿ. ಹೂವಿನ ಹಡಗಲಿ ಅಂತನ ಹೇಳ್ರಿ," ಎಂದ. ಲೈನು ಕಟ್ಟಾಯಿತು.

ಅವಳು ಬಂದ ಕೂಡಲೇ ಒಂದಕ್ಷರ ಬಿಡದೆ ಹೇಳಿದೆ. ಅವಳ ಮುಖ ಸಣ್ಣದಾಯಿತು. ಗೋಡೆಗೆ ಒರಗಿ ನಿಂತಳು.

"ಮತ್ತ ಹೊಂಟ್ರು ನೋಡಕ್ಕಾ. ಈಗಿನ್ನೂ ದಡಕ್ಕ ಬಂದಿದ್ರು. ಸಮಾಧಾನ ಮಾಡಾಕ ಈ ಸಲ ಹೂವು ಬ್ಯಾರೆ ಸೇರಿಸ್ಯಾರ," ಎಂದು ನಗಲು ನೋಡಿದಳು. ನಾನೂ ಜೊತೆಗೆ ನಕ್ಕೆ.

ಮರುದಿನ ಭಾನುವಾರ. ಬೆಳಿಗ್ಗೆ ಮನೆಯ ಕೌದಿಗಳನ್ನೆಲ್ಲ ಒಗೆದು ಹಾಕಿ, ಊಟ ಮಾಡಿ, ಬೂತಿಗೆ ಬಂದು ಕೂತಳು. ಹಡಗಲಿಗೆ ಹೋಗುವ ಬಸ್ಸು ನನ್ನ ಬಾಗಿಲ ಮುಂದೆಯೇ ತಿರುಗುತ್ತಿತ್ತು. ಅದು ಹೊರಟಾಗ ಅವಳು ಬಾಗಿಲಿಗೆ ಬೆನ್ನು ಮಾಡಿಕೊಂಡಳು. ಆ ಊರಿನ ಬೋರ್ಡು ಕಂಡರೆ ಸಮುದ್ರವೇ ಕಂಡಂತಾಗುತ್ತದೆ ಎಂದಳು.

ಸಂಜೆ ಹಡಗಲಿಯ ಬಸ್ಸು ಬಂದು ನಿಂತಿತು. ಕಂಡಕ್ಟರ್ ಹುಲುಗಣ್ಣ ಇಳಿದು ನೆಟ್ಟಗೆ ನಮ್ಮ ಕಡೆಗೇ ಬಂದ. ಕೈಯಲ್ಲಿ ಬಾಳೆಲೆಯ ಪೊಟ್ಟಣ, ಅದಕ್ಕೆ ಒದ್ದೆ ಬಟ್ಟೆ ಸುತ್ತಿತ್ತು.

"ಸಿಸ್ಟರ್, ಇದು ನಿಮಗ್ರಿ. ಹಡಗಲಿ ಬಸ್ ಸ್ಟ್ಯಾಂಡಿನ್ಯಾಗ ಬಿಳಿ ಡ್ರೆಸ್ಸಿನೋರು ಕೊಟ್ರು. ಮಧ್ಯಾಹ್ನದಿಂದ ಅಲ್ಲೇ ಕುಂತಿದ್ರಂತ. ಕೊಟ್ಟೂರು ಬಸ್ಸು ಬಂದಾಗೊಮ್ಮೆ ಎದ್ದು ಕಿಟಿಕಿ ಕಿಟಿಕಿ ನೋಡ್ತಿದ್ರಂತ. ಹೊಸಪ್ಯಾಟ್ಯಾಗ ರೈಲು ಐತಿ ಅಂತ ಕಡೀಗೆ ಆ ಬಸ್ಸಿಗೆ ಹತ್ತಿ ಹೋದ್ರು," ಎಂದ.

ಅವಳು ಪೊಟ್ಟಣ ಬಿಚ್ಚಿದಳು. ಹಡಗಲಿ ಮಲ್ಲಿಗೆ. ಕಾಲ ಮುಗಿಯುತ್ತಾ ಬಂದಿದ್ದರಿಂದ ಮೊಗ್ಗು ಸಣ್ಣವಿದ್ದವು, ವಾಸನೆ ಮಾತ್ರ ಬೂತಿನ ತುಂಬ ಆಯಿತು.

"ಹೂವಿನ ಹಡಗಲಿ ಅಂದಿದ್ರಲ್ಲಕ್ಕಾ," ಎಂದಳು. "ಹೂವಿನ ಅಂತ ಬಿಡಿಸಿ ಹೇಳಿದ್ರಲ್ಲ."

ಆಮೇಲೆ ಹುಲುಗಣ್ಣನ ಕಡೆ ತಿರುಗಿ, "ಈ ಬಸ್ಸು ಈಗ ವಾಪಸ್ ಹಡಗಲಿಗೆ ಹೋಗ್ತತೇನ್ರಿ?" ಎಂದು ಕೇಳಿದಳು.

"ಹೋಗ್ತತ್ರಿ. ಆದ್ರ ಅವ್ರು ಅಲ್ಲಿಲ್ಲಲ್ರಿ."

"ಹೌದಲ್ಲ," ಎಂದಳು. ಆದರೂ ಬಸ್ಸಿನ ಬಾಗಿಲ ತನಕ ಹೋಗಿ, ಕಂಬಿ ಹಿಡಿದು ನಿಂತು, ತಿರುಗಿ ಬಂದಳು. ಅವಳ ಆ ನಡಿಗೆ ನೆನಪಾದರೆ ನನಗೆ ಈಗಲೂ ಊಟ ಸೇರುವುದಿಲ್ಲ.

ಒಂದು ವಾರದ ಮೇಲೆ ವಿಶಾಖಪಟ್ಟಣದಿಂದ ಅವನ ಫೋನು ಬಂದಾಗ ವಿಷಯ ತಿಳಿಯಿತು. ಯುದ್ಧ ಮುಗಿದು ಗೋವಾದ ಬಂದರಿನಲ್ಲಿ ನಿಂತಿದ್ದ ಹಡಗಿನಿಂದ ವಿಶಾಖಪಟ್ಟಣದ ಇನ್ನೊಂದು ಹಡಗಿಗೆ ಅವನನ್ನು ಹಾಕಿದ್ದರು. ರೈಲು ಗದಗು, ಹೊಸಪೇಟೆ ಮೇಲೆ ಹೋಗುವಂಥದ್ದು. ಮೇಲಿನವರ ಕೈಕಾಲು ಹಿಡಿದು ಗದಗಿನಲ್ಲಿ ಇಳಿದು, ರಾತ್ರಿಯ ಇನ್ನೊಂದು ರೈಲನ್ನು ಹೊಸಪೇಟೆಯಲ್ಲಿ ಹಿಡಿಯುತ್ತೇನೆ ಎಂದು ಒಪ್ಪಿಸಿದ್ದ. ಕೊಟ್ಟೂರಿಗೆ ಬಂದು ಹೋಗುವಷ್ಟು ಹೊತ್ತಿರಲಿಲ್ಲ. ಹಡಗಲಿಯಲ್ಲಿ ಅವಳ ಪಕ್ಕ ಕೂರುವಷ್ಟು ಮಾತ್ರ ಇತ್ತು. ಅಲ್ಲಿಂದ ನನ್ನ ಬೂತಿಗೆ ಫೋನು ಮಾಡಿ ನೋಡಿದ್ದ, ಲೈನು ಸಿಕ್ಕಿರಲಿಲ್ಲ. ಹೂವಿನ ಎಂದು ಒತ್ತಿ ಹೇಳಿದರೆ ಅವಳು ತಿಳಿದುಕೊಂಡೇ ತಿಳಿದುಕೊಳ್ಳುತ್ತಾಳೆ ಎಂದು ಅವನು ನಂಬಿದ್ದ.

ಅವಳು ಬೂತಿನೊಳಗೆ ಬಹಳ ಹೊತ್ತು ಬರೀ ಹೂಂಗುಟ್ಟಿದಳು. ಹೊರಗೆ ಬಂದು, "ಬೈಲಿಲ್ಲಕ್ಕಾ. ಬೈದಿದ್ರ ಚಲೋ ಇತ್ತು," ಎಂದಳು.

ಮುಂದೆ ಅವನು ರಜೆಗೆ ಬಂದ, ಹೋದ. ಅವಳು ಹಡಗಲಿಗೆ ಹೋಗಿ ಕರೆದುಕೊಂಡು ಬಂದಳು. ಆದರೆ ಆ ಭಾನುವಾರದ ಮಧ್ಯಾಹ್ನ ಮಾತ್ರ ಬಾಕಿಯೇ ಉಳಿಯಿತು. ಅಂದಿನಿಂದ ಅವಳಿಗೊಂದು ಹುಚ್ಚು ಹಿಡಿಯಿತು. ಅವನು ಫೋನಿನಲ್ಲಿ "ಹಡಗಲಿಗೆ ಹೊಂಟೀನಿ" ಎಂದರೆ ಸಾಕು, ಅದು ಸಮುದ್ರದ ಹಡಗಲಿಯೇ ಎಂದು ಚೆನ್ನಾಗಿ ಗೊತ್ತಿದ್ದರೂ, ಅವನು ಹೇಳಿದ ದಿನ ಇವಳು ರಜೆ ಹಾಕಿ ಬಸ್ಸು ಹತ್ತುವಳು. ಅಲ್ಲಿ ಕೂತು, ಹೂವು ಮುಡಿದುಕೊಂಡು, ಕೊನೆಯ ಬಸ್ಸಿಗೆ ವಾಪಸ್ಸು.

ನನ್ನ ಬಾಯಿ ಸುಮ್ಮನಿರುತ್ತದೆಯೇ? "ಸಮುದ್ರ ನೋಡಾಕ ಹೊಂಟೇನು?" ಎಂದು ಕಾಡಿಸಿದೆ.

"ಅವ್ರು ತಿಂಗಳಗಟ್ಲೆ ನೀರಿನ ಮ್ಯಾಲೆ ನಿಂತ್ರಲ್ಲಕ್ಕಾ, ಯಾರರ ಬಂದ್ರೇನು? ಯಾರೂ ಬರಲಿಲ್ಲ. ಬರಂಗಿಲ್ಲ ಅಂತ ನಿಲ್ಲೋದು ಬಿಟ್ಟಿದ್ರ ನಡೀತಿತ್ತೇನು? ನಾನೂ ಒಂದೀಟು ನಿಂತು ಬರ್ತೀನಿ," ಎಂದಳು. ಆಮೇಲೆ ನಾನು ಕಾಡಿಸಲಿಲ್ಲ. ಗಂಡನಿಗೆ ಹೇಳಬಾರದು ಎಂದು ನನ್ನಿಂದ ಮಾತು ತೆಗೆದುಕೊಂಡಿದ್ದಳು.

ಎರಡು ಸಾವಿರದ ಎರಡರ ಬೇಸಿಗೆ. ಮತ್ತೆ ಗಡಿಯಲ್ಲಿ ಸೈನ್ಯ ನಿಂತಿತ್ತು, ಮತ್ತೆ ಹೋಟೆಲಿನ ಟಿವಿ ಮುಂದೆ ಜನ. ಹಿಂದಿನ ದಿನ ಅವನು ಫೋನು ಮಾಡಿ ಹಡಗಲಿಗೆ ಹೊರಟಿದ್ದೇನೆ ಎಂದಿದ್ದ, ಹೂವಿನ ಮಾತಿಲ್ಲ. ಬೆಳಿಗ್ಗೆ ಅವಳು ಬಸ್ಸು ಹತ್ತಿ ಹೋದಳು. ಅವಳು ಹಡಗಲಿ ಮುಟ್ಟಿರಬೇಕು, ಅಷ್ಟು ಹೊತ್ತಿಗೆ ನನ್ನ ಫೋನು ರಿಂಗಾಯಿತು.

"ಅಕ್ಕಾರ, ನಾನು ಕ್ರಾಂತಿ. ಇನ್ನಾ ಹೊಂಟಿಲ್ರಿ, ಸ್ವಲ್ಪ ತಡ ಐತಿ. ಸುಮಂಗಲಾನ್ನ ಕರೀತೀರೇನ್ರಿ?"

"ಇಲ್ಲಪ. ಹಡಗಲಿಗೆ ಹೋಗ್ಯಾಳ."

ಅವನು ನಕ್ಕ. "ಯಾವ ಹಡಗಲಿಗ್ರಿ?"

ಕೊಟ್ಟ ಮಾತು ಆ ನಗುವಿನ ಮುಂದೆ ನಿಲ್ಲಲಿಲ್ಲ. "ಹೂವಿನ ಹಡಗಲಿಗಪ. ನೀನು ಹಡಗಲಿ ಅಂದಾಗೆಲ್ಲ ಹೋಗ್ತಾಳ. ಆ ಭಾನುವಾರದಿಂದ ಒಮ್ಮಿನೂ ತಪ್ಪಿಸಿಲ್ಲ. ನೀನು ಬರಂಗಿಲ್ಲ ಅಂತ ಗೊತ್ತಿದ್ರೂ ಹೋಗಿ ಕುಂತು ಬರ್ತಾಳ," ಎಂದೆ.

ಅವನ ನಗು ನಿಂತಿತು.

"ಎಲ್ಲಿ ಕುಂದಿರ್ತಾಳ್ರಿ?" ಎಂದ.

"ಬೇವಿನ ಗಿಡದ ಕಟ್ಟಿ ಮ್ಯಾಲೆ. ಗದಗಿನ ಬಸ್ಸು ಬರೋ ಕಡಿ ಮಾರಿ ಮಾಡಿ."

"ನಾನೂ ಅದ ಕಟ್ಟಿ ಮ್ಯಾಲೆ ಕುಂತಿದ್ದೆರಿ ಅಕ್ಕಾರ," ಎಂದ. "ಕೊಟ್ಟೂರು ಬಸ್ಸು ಬರೋ ಕಡಿ ಮಾರಿ ಮಾಡಿ."

ಹಿಂದೆ ಯಾರೋ ಅವನನ್ನು ಕೂಗಿದರು. ಫೋನು ಇಟ್ಟ.

ಸಂಜೆ ಬಸ್ಸಿಳಿದು ಬಂದವಳಿಗೆ ಇದನ್ನು ಹೇಳಿದೆ. ಮಾತು ತಪ್ಪಿದೆ ಎಂದು ಅವಳು ಸಿಟ್ಟಾಗಲಿಲ್ಲ. ತಲೆಯಲ್ಲಿದ್ದ ಮಲ್ಲಿಗೆ ಮುಟ್ಟಿ ನೋಡಿಕೊಂಡಳು.

"ಹಂಗಾದ್ರ ಮುಂದಿನ ಸಲ ನಾನೂ ಕೊಟ್ಟೂರು ಕಡೀನ ಮಾರಿ ಮಾಡಿ ಕುಂದಿರ್ತೀನಕ್ಕಾ," ಎಂದಳು. "ಅವತ್ತು ಅವ್ರಿಗೆ ಏನು ಕಾಣಲಿಲ್ಲ ಅಂತ ನೋಡ್ತೀನಿ."